ಹಿಂಬಾಗಿಲ ಬಕೆಟ್ಟು

ಜನವರಿ 6

'ನಾಲಿಗೆ' ಅಂಕಣ ಬರೆಯುವ ಮಹಾಶಯನಿಗೆ,

ಪತ್ರಿಕೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ, ನಿನ್ನ ಮನೆ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಅಲ್ಲಿಯ ಗುಮಾಸ್ತರು ಒಡೆದು ಓದಿದರೆ ಓದಿಕೊಳ್ಳಲಿ, ಮುಚ್ಚಿಡುವಂಥದ್ದು ನನ್ನ ಹತ್ತಿರ ಏನೂ ಉಳಿದಿಲ್ಲ. ಅಕ್ಷರ ನೋಡಿ ಗುರುತು ಸಿಗದಿದ್ದರೆ ಹೇಳುತ್ತೇನೆ. ಸೇತುವೆ ಪಕ್ಕದ ದೊಡ್ಡ ಹೋಟೆಲಿನಲ್ಲಿ ಆರು ವರ್ಷ ನಾನು ಒಲೆ ಮುಂದೆ, ನೀನು ತಟ್ಟೆ ತೊಳೆಯುವ ತೊಟ್ಟಿ ಮುಂದೆ. ಎಲ್ಲರೂ ನನ್ನನ್ನು ಅಕ್ಕ ಅನ್ನುತ್ತಿದ್ದರು, ನೀನೂ ಅನ್ನುತ್ತಿದ್ದೆ. ಇಬ್ಬರೂ ಸೇರಿ ಒಂದು ಪುಟ್ಟ ಊಟದಂಗಡಿ ಇಡೋಣ ಎಂದು ಮಾತಾಗಿತ್ತು. ಅಷ್ಟರಲ್ಲಿ ನಿನಗೆ ಪತ್ರಿಕೆಯಲ್ಲಿ ಕೆಲಸ ಸಿಕ್ಕಿತು, ಹೇಳದೆ ಕೇಳದೆ ಹೊರಟುಹೋದೆ. ಹನ್ನೊಂದು ವರ್ಷದ ಹಿಂದಿನ ಮಾತು, ಹಾಳಾಗಲಿ.

ಅಂಗಡಿಯನ್ನು ನಾನೊಬ್ಬಳೇ ಇಟ್ಟೆ. ಬಸ್ ಡಿಪೋ ಹಿಂದಿನ ಬೀದಿ. ಆರು ಮೇಜು, ಇಪ್ಪತ್ತನಾಲ್ಕು ಕುರ್ಚಿ. ನಾಲ್ಕು ವರ್ಷ ಚೆನ್ನಾಗಿಯೇ ನಡೆಯಿತು. ಅಕ್ಟೋಬರ್ ಕೊನೆಯ ಗುರುವಾರ ನಿನ್ನ ಅಂಕಣದ ಅಡಿಯಲ್ಲಿ ಹೀಗೆ ಬರೆದಿದ್ದೆ: "ಡಿಪೋ ಹಿಂದಿನ ಬೀದಿಯಲ್ಲಿ ಹಸಿವಾದರೆ ಒಂದು ಲೋಟ ನೀರು ಕುಡಿದು ಮುಂದೆ ನಡೆಯಿರಿ." ಆ ಬೀದಿಯಲ್ಲಿ ಊಟದ ಅಂಗಡಿ ಇರುವುದು ಒಂದೇ. ಅದು ನನ್ನದು.

ಡಿಪೋದವರು ಅದನ್ನು ಕತ್ತರಿಸಿ ಸಹಿ ಹಾಕುವ ಕೋಣೆಯಲ್ಲಿ ಅಂಟಿಸಿದ್ದಾರೆ. ಮೊದಲ ವಾರ ಡ್ರೈವರುಗಳು ಬಂದು, "ಅಕ್ಕಾ, ಒಂದು ಲೋಟ ನೀರು ಕೊಡಿ, ಮುಂದೆ ನಡೀತೀವಿ" ಎಂದು ನಗುತ್ತಿದ್ದರು. ಆಮೇಲೆ ನಗುವುದಕ್ಕೂ ಬರಲಿಲ್ಲ. ಮಾರ್ಚ್ 31ಕ್ಕೆ ಅಂಗಡಿಯ ಕರಾರು ಮುಗಿಯುತ್ತದೆ. ಮಾಳಿಗೆಯ ಮೇಲಿರುವ ಮನೆಯೊಡತಿ ಕಿಟಕಿಯಲ್ಲಿ ಕೂತು ಎಲ್ಲ ನೋಡುತ್ತಾರೆ. "ಜನ ಬರೋದು ಕಂಡ್ರೆ ಇನ್ನೈದು ವರ್ಷಕ್ಕೆ ಬರ್ಕೊಡ್ತೀನಮ್ಮ. ಇಲ್ಲಾಂದ್ರೆ ಔಷಧಿ ಅಂಗಡಿಯೋರು ಕೇಳ್ತಿದಾರೆ" ಎಂದು ಹೇಳಿದ್ದಾರೆ. ಇಪ್ಪತ್ತಾರು ವರ್ಷ ಊರವರ ಒಲೆಯಲ್ಲಿ ಬೇಯಿಸಿದವಳು ನಾನು. ನನ್ನದು ಅಂತ ಇರುವ ಒಲೆ ಇದೊಂದೇ, ಇನ್ನೊಂದು ಕಟ್ಟುವ ವಯಸ್ಸು ನನಗಿಲ್ಲ.

ನೀನು ನನ್ನ ಅಂಗಡಿಯಲ್ಲಿ ಕೂತು ಉಂಡದ್ದು ನಾನಂತೂ ನೋಡಿಲ್ಲ. ಯಾವತ್ತು ಬಂದೆ, ಏನು ತಿಂದೆ, ಎಲ್ಲಿ ಉಪ್ಪು ಹೆಚ್ಚಾಗಿತ್ತು? ಅಷ್ಟು ಹೇಳು. ಬೆನ್ನ ಮೇಲೆ ಹೊಡೆದರೂ ಹೊಟ್ಟೆ ಮೇಲೆ ಹೊಡೆಯಬಾರದು ಅನ್ನುತ್ತಾರೆ. ನೀನು ಹೊಡೆದಿದ್ದೀಯ, ಕಾರಣವನ್ನಾದರೂ ಹೇಳು.

ಇಂತಿ,
ನಿನ್ನ ತಟ್ಟೆಗೆ ಆರು ವರ್ಷ ಬಡಿಸಿದ ಅಕ್ಕ


ಜನವರಿ 15

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ಅದು ನಿಮ್ಮ ಅಂಗಡಿ ಎಂದು ನನಗೆ ಗೊತ್ತಿರಲಿಲ್ಲ. ಬೋರ್ಡಿನ ಮೇಲೆ 'ಊಟ ಸಿದ್ಧವಿದೆ' ಎಂದಷ್ಟೇ ಇತ್ತು. ಗೊತ್ತಿದ್ದರೂ ಬರೆಯುತ್ತಿದ್ದೆನೇನೋ. ಓದುಗರಿಗೆ ದಾಕ್ಷಿಣ್ಯಕ್ಕೆ ಸುಳ್ಳು ಹೇಳುವುದು ನನ್ನಿಂದಾಗದು.

ನನ್ನ ಕೆಲಸದ ರೀತಿ ನಿಮಗೆ ತಿಳಿದಿರಲಿ. ಈ ಮಹಾನಗರದಲ್ಲಿ ಹೊಳೆಯುವ ಬೋರ್ಡಿನ ಹೋಟೆಲುಗಳನ್ನು ಯಾರು ಬೇಕಾದರೂ ಕಂಡುಹಿಡಿಯುತ್ತಾರೆ. ನಾನು ಹುಡುಕುವುದು ಒಬ್ಬಿಬ್ಬರೇ ಕೈಯಾರೆ ನಡೆಸುವ ಅಂಗಡಿಗಳನ್ನು. ಮುಂಬಾಗಿಲಿನಿಂದ ಹೋದರೆ ಎಲ್ಲ ಅಂಗಡಿಗಳೂ ಒಳ್ಳೆಯವೇ, ಎಲ್ಲರೂ ನಗುನಗುತ್ತಾ ಬನ್ನಿ ಅನ್ನುತ್ತಾರೆ. ಅದಕ್ಕೇ ನಾನು ಹಿಂಬಾಗಿಲಿಗೆ ಹೋಗಿ ತಟ್ಟೆಯಲ್ಲಿ ಬಿಟ್ಟದ್ದನ್ನು ಸುರಿಯುವ ಬಕೆಟ್ಟು ನೋಡುತ್ತೇನೆ. ಗಡಿಯಾರ ರಿಪೇರಿಯವನ ಹಿಂದಿನ ಸಂದಿಯಲ್ಲಿ ಮೊಟ್ಟೆ ಹುರಿಯುವ ಗಂಡಹೆಂಡತಿ, ಮೂರನೇ ಮಹಡಿಯಲ್ಲಿ ಬ್ರೆಡ್ಡು ಮಾಡುವ ಹೆಂಗಸು, ಮೀನು ಮಾರುಕಟ್ಟೆಯ ಮೆಟ್ಟಿಲ ಕೆಳಗೆ ಸೂಪು ಮಾರುವ ಮುದುಕ, ಇವರೆಲ್ಲ ನನಗೆ ಸಿಕ್ಕಿದ್ದು ಹಾಗೆಯೇ. ಅವರ ಬಕೆಟ್ಟಿನಲ್ಲಿ ಮೂಳೆ, ಸಿಪ್ಪೆ ಬಿಟ್ಟರೆ ಏನೂ ಇರಲಿಲ್ಲ. ತಿಂದವರ ಬಾಯಿ ಮುಲಾಜಿಗೆ ಸುಳ್ಳು ಹೇಳೀತು, ವಾಪಸು ಬಂದ ತಟ್ಟೆ ಹೇಳುವುದಿಲ್ಲ. ತೊಟ್ಟಿಯ ಮುಂದೆ ನಿಂತು ನಾನು ಕಲಿತ ವಿದ್ಯೆ ಇದೊಂದೇ.

ನಿಮ್ಮ ಹಿಂಬಾಗಿಲಿಗೆ ಅಕ್ಟೋಬರಿನಲ್ಲಿ ಮೂರು ಸಂಜೆ ಬಂದಿದ್ದೆ. ಮೂರು ಸಂಜೆಯೂ ಬಕೆಟ್ಟು ಬಾಯಿತನಕ ತುಂಬಿತ್ತು. ಅನ್ನ, ಬೇಳೆ, ಬೇಯಿಸಿದ ತರಕಾರಿ, ಎಲ್ಲ. ಒಳಗೆ ಬಂದು ಕೂರಬೇಕೆಂದು ನನಗೆ ಅನ್ನಿಸಲಿಲ್ಲ. ಕ್ಷಮೆಯಿರಲಿ.

ಗೌರವಪೂರ್ವಕ,
'ನಾಲಿಗೆ'


ಜನವರಿ 18

ಲೋ ಪುಣ್ಯಾತ್ಮ,

ನನಗೆ ಬಹುವಚನ ಯಾವಾಗಿನಿಂದ? ಬಿಸಿನೀರಿಗೆ ಕೈ ಸುಟ್ಟುಕೊಂಡು ಅಳುತ್ತಾ ಕೂತವನಿಗೆ ಬಾಯಿಗೆ ತುತ್ತಿಟ್ಟವಳಿಗೆ 'ಮಾನ್ಯರೇ' ಅಂತೆ. ಗೌರವವನ್ನು ಮಡಚಿ ಜೇಬಿನಲ್ಲಿಟ್ಟುಕೋ.

ನಿನ್ನ ಪತ್ರ ಓದಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ನಮ್ಮ ಯಜಮಾನರು ಈರುಳ್ಳಿ ಹೆಚ್ಚುತ್ತಿದ್ದವರು ಓಡಿ ಬಂದರು. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ, ಯಾವುದಕ್ಕೂ ಗಾಬರಿಯಾಗುವವರಲ್ಲ, ಅವತ್ತು ಗಾಬರಿಯಾದರು.

ಕೇಳು. ಅಕ್ಟೋಬರಿನಲ್ಲಿ ನೀರಿನ ಪೈಪು ಹಾಕಲು ಬೀದಿ ಅಗೆದಿದ್ದರು. ಎರಡು ವಾರ. ಮೊಣಕಾಲುದ್ದದ ಗುಂಡಿ, ಅದರ ಮೇಲೊಂದು ಹಲಗೆ. ದಿನಕ್ಕೆ ಐದಾರು ಜನ ಬಂದರೆ ಹೆಚ್ಚು. ಆದರೂ ನಾನು ಎಂದಿನಂತೆ ಕುರ್ಚಿಗೆ ಇಬ್ಬರಂತೆ ನಲವತ್ತೆಂಟು ಜನಕ್ಕೇ ಬೇಯಿಸಿದೆ. ಯಾಕೆ ಅಂತ ಈ ಊರಿನಲ್ಲಿ ಬೇರೆ ಯಾರು ಕೇಳಿದರೂ ಸಹಿಸುತ್ತೇನೆ, ನೀನು ಕೇಳಬೇಡ. ಆ ಹೋಟೆಲಿನ ಅಡುಗೆಮನೆಯಲ್ಲಿ ನಮ್ಮ ದೊಡ್ಡ ಮೇಸ್ತ್ರಿ ಏನು ಹೇಳುತ್ತಿದ್ದರು? "ಕುರ್ಚಿ ನೋಡಿ ಅಕ್ಕಿ ಹಾಕಿ, ಬಾಗಿಲು ನೋಡಿ ಹಾಕಬೇಡಿ. ಬಾಗಿಲು ನೋಡೋಕೆ ಶುರು ಮಾಡಿದ ದಿನ ಅಂಗಡಿ ಅರ್ಧ ಮುಚ್ಚಿದ ಹಾಗೆ." ಉಳಿದದ್ದನ್ನು ಮಾರನೇ ದಿನ ಬಡಿಸಕೂಡದು ಎಂಬುದೂ ಅವರದೇ ಮಾತು. ನಾನು ಇವತ್ತಿಗೂ ಹಾಗೆಯೇ ಮಾಡುತ್ತೇನೆ. ಸಂಜೆ ಡಿಪೋದ ಕಾವಲಿನವರಿಗೆ ಆದಷ್ಟು ಕೊಡುತ್ತೇನೆ, ಮಿಕ್ಕದ್ದನ್ನು ಹಂದಿ ಸಾಕುವವನಿಗಾಗಿ ಬಕೆಟ್ಟಿಗೆ ಹಾಕಿ ಹಿಂದೆ ಇಡುತ್ತೇನೆ.

ಅದು ಯಾರೂ ತಿಂದು ಬಿಟ್ಟ ಎಂಜಲಲ್ಲ ಕಣೋ. ಯಾರೂ ಮುಟ್ಟದೆ ಉಳಿದ ಊಟ. ಆರು ವರ್ಷ ಎಂಜಲು ತೊಳೆದವನಿಗೆ ಅಷ್ಟು ತಿಳಿಯದೆ ಹೋಯಿತೇ?

ಇಂತಿ,
ಅಕ್ಕ


ಫೆಬ್ರವರಿ 2

ಅಕ್ಕ,

ಹದಿನೈದು ದಿನ ಬರೆಯಲಾಗಲಿಲ್ಲ. ನೀನು ಫೋನ್ ನಂಬರನ್ನು ಲಕೋಟೆಯ ಹಿಂದೆ ಬರೆದಿದ್ದೀಯ. ನಿನ್ನ ದನಿ ಕೇಳುವ ಧೈರ್ಯ ನನಗಿಲ್ಲ, ಕಾಗದವೇ ಸಾಕು.

ಹಂದಿಯವನನ್ನು ಹುಡುಕಿಕೊಂಡು ಹೋಗಿ ಕೇಳಿದೆ. "ಅವ್ರದ್ದು ಎಂಜಲಲ್ಲ ಸ್ವಾಮಿ, ನಾನೇ ಒಂದೊಂದು ದಿನ ಮೇಲಿಂದು ತೆಗ್ದು ತಿಂದಿದೀನಿ" ಎಂದ. ಅವನ ಮುಂದೆ ತಲೆಯೆತ್ತಿ ನಿಲ್ಲಲಾಗಲಿಲ್ಲ.

ಮೇಸ್ತ್ರಿಯ ಮಾತು ನನಗೆ ಮರೆತಿರಲಿಲ್ಲ. ಅವರು ಹೋದ ಮೇಲೆ ಅದೂ ಹೋಯಿತು ಎಂದುಕೊಂಡಿದ್ದೆ. ಈ ಊರಿನಲ್ಲಿ ನೂರಾರು ಹಿಂಬಾಗಿಲು ನೋಡಿದ್ದೇನೆ, ಎಲ್ಲರೂ ಬಾಗಿಲು ನೋಡಿಯೇ ಅಕ್ಕಿ ಹಾಕುತ್ತಾರೆ. ಕುರ್ಚಿ ನೋಡಿ ಹಾಕುವವರು ಒಬ್ಬರಾದರೂ ಇದ್ದಾರೆ ಎಂದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಅದು ನೀನೇ ಎಂದೂ ಹೊಳೆಯುತ್ತಿತ್ತು.

ಈ ವಾರವೇ ನಿನ್ನ ಅಂಗಡಿಯ ಬಗ್ಗೆ ಬರೆಯುತ್ತೇನೆ.

ನಿನ್ನ,
ತೊಟ್ಟಿಯವನು


ಫೆಬ್ರವರಿ 16

ತಮ್ಮಾ,

ಎರಡು ಗುರುವಾರ ಕಳೆದವು. ಒಂದರಲ್ಲಿ ಹಣ್ಣಿನ ಮಿಠಾಯಿ ಅಂಗಡಿ, ಇನ್ನೊಂದರಲ್ಲಿ ಕಾಲುವೆ ದಂಡೆಯ ಕಾಫಿ. ಓದಿದೆ. ಚೆನ್ನಾಗಿ ಬರೆಯುತ್ತೀಯ. ನನ್ನ ಸುದ್ದಿ ಎಲ್ಲಿ?

ಇವತ್ತು ಮೂರು ಜನ ಬಂದರು. ಅದರಲ್ಲೊಬ್ಬರು ವಿಳಾಸ ಕೇಳಲು ಬಂದವರು. ಯಜಮಾನರು ಈರುಳ್ಳಿಯನ್ನು ಬರಬರುತ್ತಾ ಸಣ್ಣಗೆ ಹೆಚ್ಚುತ್ತಿದ್ದಾರೆ. ಯಾಕೆ ಎಂದರೆ, "ಹೊತ್ತು ಹೋಗಬೇಕಲ್ಲ, ಇನ್ನೊಂದು ವಾರ ಬಿಟ್ರೆ ಸೂಜಿಗೆ ಪೋಣಿಸ್ತೀನಿ" ಅನ್ನುತ್ತಾರೆ. ನಗಿಸಲು ನೋಡುತ್ತಾರೆ, ಪಾಪ. ನನಗೆ ನಗು ಬರುವುದಿಲ್ಲ. ಮೊನ್ನೆ ಔಷಧಿ ಅಂಗಡಿಯವರು ಬಂದು ನಾನಿರುವಾಗಲೇ ಗೋಡೆಯಿಂದ ಗೋಡೆಗೆ ಅಳತೆ ತೆಗೆದರು. ಒಲೆ ಇರುವ ಜಾಗ ತೋರಿಸಿ, "ಇದನ್ನ ಕಿತ್ರೆ ಆಯ್ತು" ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ. ನಾನು ಅದೇ ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದೆ.

ಬಂದು ಒಂದು ಸಲ ಊಟ ಮಾಡು. ತಿಂದ ಮೇಲೆ ನಿನಗೇ ಬರೆಯಬೇಕೆನಿಸುತ್ತದೆ. ಅಕ್ಕ ಎಂಬ ದಾಕ್ಷಿಣ್ಯಕ್ಕೆ ಬರೆಯಬೇಡ, ತಿಂದದ್ದು ಹೇಗಿತ್ತೋ ಹಾಗೆ ಬರೆ. ಯಾಕೆ ಬರುತ್ತಿಲ್ಲ?

ಇಂತಿ,
ಅಕ್ಕ


ಫೆಬ್ರವರಿ 21

ಅಕ್ಕ,

ಬರೆದಿದ್ದೆ. ಹೊಗಳಿ ಹೊಗಳಿ ಬರೆದು ಸಂಪಾದಕರ ಮುಂದಿಟ್ಟೆ. ಅವರು ಓದಿ ಕನ್ನಡಕ ತೆಗೆದರು. "ಅಕ್ಟೋಬರ್‌ನಲ್ಲಿ ನೀರು ಕುಡೀರಿ ಅಂದಿದ್ದು ನೀವೇ, ಈಗ ಅಮೃತ ಅಂತಿರೋದೂ ನೀವೇ. ನಡುವೆ ಏನಾಯ್ತು? ಆಯಮ್ಮ ನಿಮ್ಮ ನೆಂಟರಾ? ತಪ್ಪಾಗಿದ್ರೆ ಹೇಗೆ ತಪ್ಪಾಯ್ತು ಅಂತ ಬರೀರಿ, ಹಾಕ್ತೀನಿ. ಇದನ್ನ ಹಾಕಲ್ಲ" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ.

ಹೇಗೆ ತಪ್ಪಾಯಿತು ಎಂದು ಬರೆಯಬೇಕಾದರೆ ನಾನು ಊಟವನ್ನೇ ಮಾಡದೆ ಬರೆದೆ ಎನ್ನಬೇಕು. ಯಾಕೆ ಊಟ ಮಾಡಲಿಲ್ಲ ಎಂದು ಜನ ಕೇಳುತ್ತಾರೆ. ಅದನ್ನು ನಿನಗೆ ಹೇಳುತ್ತೇನೆ. ಇನ್ನೂ ಯಾರಿಗೂ ಹೇಳಿಲ್ಲ.

ಎರಡು ವರ್ಷದ ಹಿಂದೆ ಒಂದು ಜ್ವರ ಬಂತು. ಹದಿನೆಂಟು ದಿನ ಮಲಗಿದ್ದೆ. ಎದ್ದಾಗ ನಾಲಿಗೆ ಹೋಗಿತ್ತು. ರುಚಿ ಇಲ್ಲ, ವಾಸನೆ ಇಲ್ಲ. ವೈದ್ಯರು ಬರಬಹುದು ಎಂದರು, ಬರಲಿಲ್ಲ. ಏನು ಬಾಯಿಗೆ ಹಾಕಿದರೂ ನೆನೆದ ರಟ್ಟು ಅಗಿದ ಹಾಗೆ. ಹಸಿವು ಕೂಡ ಆಗುವುದಿಲ್ಲ, ಗಡಿಯಾರ ನೋಡಿ ಉಣ್ಣುತ್ತೇನೆ. ಅಂಕಣ ಬಿಟ್ಟರೆ ನನಗೆ ಬೇರೆ ಏನು ಬರುತ್ತದೆ? ಮೊದಲು ಬಕೆಟ್ಟು ನೋಡಿ, ಆಮೇಲೆ ಒಳಗೆ ಕೂತು ತಿಂದು ಬರೆಯುತ್ತಿದ್ದೆ. ಈ ಎರಡು ವರ್ಷ ಬಕೆಟ್ಟು ಮಾತ್ರ. ಉಳಿದದ್ದು ಹಳೆಯ ನೆನಪು, ಪಕ್ಕದ ಮೇಜಿನವರ ಮಾತು.

ಹೆಂಡತಿಗೂ ಗೊತ್ತಿಲ್ಲ. ದಿನಾ ಬಡಿಸಿ ಎದುರು ಕೂರುತ್ತಾಳೆ. "ಹೆಂಗಿದೆ?" ಅನ್ನುತ್ತಾಳೆ. "ಚೆನ್ನಾಗಿದೆ" ಅನ್ನುತ್ತೇನೆ. ಊರಿಗೆಲ್ಲ ರುಚಿ ಹೇಳುವ ಗಂಡ ಚೆನ್ನಾಗಿದೆ ಅಂದನಲ್ಲ ಎಂದು ಅವಳ ಮುಖ ಅರಳುತ್ತದೆ. ನಿನ್ನ ಎದುರು ಕೂತು ಉಂಡರೆ ನೀನು ಒಂದೇ ತುತ್ತಿಗೆ ಕಂಡುಹಿಡಿಯುತ್ತೀಯ. ಅದಕ್ಕೇ ಬರಲಿಲ್ಲ.

ಏನು ಮಾಡಲಿ ಹೇಳು.

ನಿನ್ನ,
ತೊಟ್ಟಿಯವನು


ಫೆಬ್ರವರಿ 25

ತಮ್ಮಾ,

ಓದಿ ಅತ್ತೆ. ಅಡುಗೆಯವರಿಗೆ ಕೈ ಹೋದರೂ ಪರವಾಗಿಲ್ಲ, ನಾಲಿಗೆ ಹೋಗಬಾರದು. ನೀನು ಒಬ್ಬನೇ ಇದನ್ನು ಹೊತ್ತುಕೊಂಡು ತಿರುಗಿದೆಯಲ್ಲ, ನನಗಾದರೂ ಒಂದು ಮಾತು ಹೇಳಬಾರದಿತ್ತೇ ಅನ್ನಿಸಿತು.

ಅತ್ತು ಮುಗಿದ ಮೇಲೆ ಕೋಪ ಬಂತು. ಅದನ್ನೂ ಹೇಳಿಬಿಡುತ್ತೇನೆ. ನಿನಗೆ ರುಚಿ ಹೋಗಿದ್ದಕ್ಕೆ ನನ್ನ ಒಲೆ ಯಾಕೆ ಆರಬೇಕು? ನಿನ್ನ ಗುಟ್ಟು ಉಳಿಯಲು ನನ್ನ ಅಂಗಡಿ ಹೋಗಬೇಕೇ? ಇದ್ದದ್ದನ್ನು ಇದ್ದಹಾಗೆ ಬರೆ. ನಿನ್ನ ಕೆಲಸ ಹೋಗಬಹುದು, ನನಗೆ ಗೊತ್ತು. ಹೀಗೆ ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತಿದ್ದೇನೆ. ನಿನ್ನ ಕಾಲು ಹಿಡಿದು ಕೇಳುತ್ತಿದ್ದೇನೆ ಎಂದುಕೋ.

ಮಾರ್ಚ್ ಮುಗಿಯಲು ಇನ್ನು ಐದೇ ಗುರುವಾರ ಉಳಿದಿವೆ.

ಇಂತಿ,
ಅಕ್ಕ


ಮಾರ್ಚ್ 10

ತಮ್ಮಾ,

ಉತ್ತರ ಇಲ್ಲ. ಪತ್ರ ತಲುಪಿತೋ ಇಲ್ಲವೋ ಎಂದು ಯಜಮಾನರನ್ನು ಪತ್ರಿಕೆಯ ಕಚೇರಿಗೆ ಕಳಿಸಿದ್ದೆ. ತಲುಪಿದೆಯಂತೆ. ನೀನು ಸೀಟಿನಲ್ಲಿ ಇರಲಿಲ್ಲವಂತೆ. ಅವರು ಒಂದು ಗಂಟೆ ಬೆಂಚಿನ ಮೇಲೆ ಕೂತು ಎದ್ದು ಬಂದರು.

ನಿನ್ನೆ ಮೊದಲ ಸಲ ಅಕ್ಕಿ ಅಳೆಯುವಾಗ ನನ್ನ ಕಣ್ಣು ಬಾಗಿಲ ಕಡೆ ಹೋಯಿತು. ಒಂದು ಸೇರು ತೆಗೆದು ವಾಪಸು ಡಬ್ಬಿಗೆ ಹಾಕಿದೆ. ಆಮೇಲೆ ತಡೆಯಲಾರದೆ ಮತ್ತೆ ಪಾತ್ರೆಗೆ ಸುರಿದೆ. ಯಾರೂ ಬರಲಿಲ್ಲ.

ಇಂತಿ,
ಅಕ್ಕ


ಮಾರ್ಚ್ 19

ಇವತ್ತಿನ ಪತ್ರಿಕೆಯನ್ನೂ ನೋಡಿದೆ. ಉಪ್ಪಿನಕಾಯಿ ಅಂಗಡಿ.

ಇನ್ನು ಒಂದೇ ಗುರುವಾರ ಇದೆ ಕಣೋ. ಮನೆಯೊಡತಿ ಕಿಟಕಿಯಲ್ಲಿ ಕೂರುವುದನ್ನೂ ಬಿಟ್ಟಿದ್ದಾರೆ. ನೋಡಲು ಏನಿದೆ?

ಅಕ್ಕ


ಮಾರ್ಚ್ 25

ಅಕ್ಕ,

ನಾಳೆ ಬರುತ್ತದೆ. ಎಲ್ಲ ಬರೆದಿದ್ದೇನೆ: ಬಕೆಟ್ಟು, ಅಗೆದ ಬೀದಿ, ಮೇಸ್ತ್ರಿಯ ಮಾತು, ನನ್ನ ಜ್ವರ. ನಿನ್ನ ಅಂಗಡಿಯ ವಿಳಾಸ ದಪ್ಪ ಅಕ್ಷರದಲ್ಲಿದೆ. ಒಂದು ತುತ್ತನ್ನೂ ತಿನ್ನದೆ ನಾನು ಒಬ್ಬ ಹೆಂಗಸಿನ ಊಟವನ್ನು ಹಾಳು ಎಂದೆ, ಅಲ್ಲಿಗೆ ಹೋಗಿ ತಿಂದು ನನ್ನ ತಪ್ಪನ್ನು ನೀವೇ ತೀರ್ಮಾನಿಸಿ, ಎಂದು ಮುಗಿಸಿದ್ದೇನೆ.

ಹತ್ತೊಂಬತ್ತರ ಪತ್ರಿಕೆಗೇ ಸಿದ್ಧವಿತ್ತು. ಸಂಪಾದಕರು ಹಾಕಲು ಒಪ್ಪಿದ್ದರು. ನಾನೇ ಒಂದು ವಾರ ತಡೆಯಿರಿ ಎಂದೆ. ಹೆಂಡತಿ ಅದನ್ನು ಪತ್ರಿಕೆಯಲ್ಲಿ ಓದಿ ತಿಳಿಯುವುದು ಬೇಡವಾಗಿತ್ತು. ಹೇಳಲು ಆರು ದಿನ ಹಿಡಿಯಿತು. ನಿನ್ನೆ ಹೇಳಿದೆ. ಅವಳು ಕೂಗಾಡಲಿಲ್ಲ. "ಹಂಗಾದ್ರೆ ಎರಡು ವರ್ಷ ನಾನು ಯಾರಿಗೆ ಮಾಡ್ತಿದ್ದೆ?" ಎಂದಳು. ಇವತ್ತು ಬಡಿಸಿ ಒಳಗೆ ಹೋದಳು, ಎದುರು ಕೂರಲಿಲ್ಲ.

ಇನ್ನೂ ಐದು ದಿನ ಇದೆ ಅಕ್ಕ. ಜನ ಬಂದೇ ಬರುತ್ತಾರೆ.

ನಿನ್ನ,
ತೊಟ್ಟಿಯವನು


ಏಪ್ರಿಲ್ 2

ತಮ್ಮಾ,

ಜನ ಬಂದರು. ಶುಕ್ರವಾರ ಹನ್ನೊಂದಕ್ಕೇ ಎಲ್ಲ ಕುರ್ಚಿ ತುಂಬಿದವು. ಶನಿವಾರ ಬೀದಿಯ ತುದಿತನಕ ಸಾಲು. ಡಿಪೋದವರು ಬಂದು, ಅಂಟಿಸಿದ್ದ ಚೀಟಿ ಕಿತ್ತು ಹಾಕಿದೆವು ಎಂದು ಹೇಳಿ ತಲೆತಗ್ಗಿಸಿ ಉಂಡರು. ಒಬ್ಬ ಮುದುಕಪ್ಪ ಬೇಳೆಯನ್ನು ಮೂರು ಸಲ ಹಾಕಿಸಿಕೊಂಡು, "ಇಷ್ಟು ದಿನ ನಾವು ಯಾರ ಮಾತು ಕೇಳಿ ಬರ್ಲಿಲ್ಲಮ್ಮ?" ಎಂದರು. ನಾನು ನಿನ್ನ ಹೆಸರು ಹೇಳಲಿಲ್ಲ. ಯಜಮಾನರು ಕಣ್ಣಲ್ಲಿ ನೀರು ಸುರಿಸುತ್ತಾ ಈರುಳ್ಳಿ ಹೆಚ್ಚಿದರು. ಈರುಳ್ಳಿಯದೇ ಎಂದು ಸಾಧಿಸಿದರು.

ಶುಕ್ರವಾರ ಮೂರು ಗಂಟೆಗೆ ಮನೆಯೊಡತಿ ಕೆಳಗೆ ಇಳಿದು ಬಂದರು. ಕೂಡಿಸಿ ಬಡಿಸಿದೆ. ಉಂಡು, ಕೈ ತೊಳೆದು, ನನ್ನ ಕೈ ಹಿಡಿದುಕೊಂಡರು. "ಔಷಧಿ ಅಂಗಡಿಯೋರಿಗೆ ಸೋಮವಾರನೇ ಸಹಿ ಹಾಕ್ಬಿಟ್ಟೆ ಕಣಮ್ಮ. ನಾಲ್ಕು ದಿನದ ಹಿಂದೆ. ನೀನೊಂದು ವಾರ ಮೊದಲು ಇದನ್ನ ತೋರ್ಸಿದ್ರೆ ಕೈಯೆತ್ತಿ ಕೊಡ್ತಿದ್ದೆ" ಎಂದರು. ಸುಳ್ಳು ಹೇಳುವ ಹೆಂಗಸಲ್ಲ.

ಒಂದು ವಾರ. ನಿನ್ನ ಹೆಂಡತಿಗೆ ಹೇಳಲು ಬೇಕಾದ ಒಂದು ವಾರ. ಅವಳನ್ನು ನಾನು ಬೈಯಲಾರೆ, ಅವಳಿಗೆ ಮೊದಲು ಹೇಳಬೇಕಾದದ್ದೇ ಸರಿ. ನಿನ್ನನ್ನು ಬೈಯೋಣವೆಂದು ಮೂರು ಸಲ ಕಾಗದ ಹಿಡಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದಷ್ಟು ಬರೆದು ಸುಮ್ಮನಾದೆ.

ಆದರೂ ಮೂವತ್ತೊಂದರವರೆಗೆ ಬೇಯಿಸಿದೆ. ನಿನ್ನೆ ಬೆಳಿಗ್ಗೆ ಒಲೆ ಕಿತ್ತರು. ಉಂಡವರು ಮುಂದೆ ಎಲ್ಲಿ ಇಡುತ್ತೀರಿ ಎಂದು ಕೇಳುತ್ತಿದ್ದರು, ನಾನು ಇನ್ನೊಂದು ಸೌಟು ಬಡಿಸುತ್ತಿದ್ದೆ. ಐದು ದಿನ ಊರಿಗೆ ಊರೇ ಬಂತು. ನೀನೊಬ್ಬ ಬರಲಿಲ್ಲ. ಅದೊಂದು ನನಗೆ ಅರ್ಥವಾಗಲಿಲ್ಲ.

ಇಂತಿ,
ಅಕ್ಕ


ಏಪ್ರಿಲ್ 7

ಅಕ್ಕ,

ಅಂಕಣವನ್ನು ನಿಲ್ಲಿಸಿದ್ದಾರೆ. ಅದು ಆಗಬೇಕಾದ್ದೇ, ಅದಕ್ಕೆ ನನಗೆ ದುಃಖವಿಲ್ಲ. ನಿನ್ನ ಅಂಗಡಿ ಹೋದದ್ದು ನನ್ನಿಂದ, ಎರಡು ಸಲ ನನ್ನಿಂದ. ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ.

ನಾನು ಬಂದಿದ್ದೆ. ಮೂವತ್ತೊಂದಕ್ಕೆ, ಕೊನೆಯ ದಿನ. ಮುಂಬಾಗಿಲಿಗೇ ಬಂದು ಎಲ್ಲರ ಹಾಗೆ ಸಾಲಿನಲ್ಲಿ ನಿಂತೆ. ಎರಡು ಗಂಟೆ ನಿಂತಿದ್ದೆ. ಒಳಗಿನಿಂದ ಬಂದವರೆಲ್ಲ ಅದು ಹಾಗಿತ್ತು ಇದು ಹೀಗಿತ್ತು ಎಂದು ಹೇಳುತ್ತಾ ಹೋಗುತ್ತಿದ್ದರು. ಬಾಗಿಲಿಗೆ ನಾಲ್ಕು ಹೆಜ್ಜೆ ಇತ್ತು. ಆಗ ನೀನು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದೆ. ಸಾಲಿನವರನ್ನು ಎಣಿಸುತ್ತಾ ಬಂದು ನನ್ನ ಮುಂದಿನವರ ಭುಜ ಮುಟ್ಟಿ, "ಇವರವರೆಗೆ ಇದೆ, ಆಮೇಲೆ ಮುಗೀತು. ಹಿಂದಿನವರು ತಪ್ಪು ತಿಳೀಬಾರದು" ಎಂದೆ. ನನ್ನ ಗಡ್ಡ ಬೆಳ್ಳಗಾಗಿದೆ, ನೀನು ಗುರುತು ಹಿಡಿಯಲಿಲ್ಲ. ನನಗೆ ಕೈ ಮುಗಿದೆ. ನಾನೂ ಮುಗಿದೆ.

ನಾನು ಯಾರು ಎಂದು ಹೇಳಿದ್ದರೆ ನೀನು ನಿನ್ನ ಪಾಲಿನದನ್ನೇ ತಂದು ನನ್ನ ಮುಂದೆ ಇಡುತ್ತಿದ್ದೆ, ಗೊತ್ತು. ಹೇಳಲು ಬಾಯಿ ಬರಲಿಲ್ಲ. ತಿಂದಿದ್ದರೂ ನನಗೆ ರುಚಿ ತಿಳಿಯುತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಾ ಬಸ್ಸು ಹತ್ತಿದೆ. ಆದರೆ ಎರಡು ವರ್ಷದಲ್ಲಿ ಮೊದಲ ಸಲ, ಅಕ್ಕ, ಅಲ್ಲಿ ನಿಂತಾಗ ನನಗೆ ಹಸಿವಾಗಿತ್ತು.

ನಿನ್ನ,
ತಮ್ಮ